ಹೊಡೆಯದ ಎಲ್ಕಿನ ಪಾಲು

ಆ ಮಂಗಳವಾರ ಬೆಳಿಗ್ಗೆ ಹಾರ್ಲನ್ ಬ್ರೆಕ್ಕೆ ಬಾಯಲ್ಲಿದ್ದ ಪ್ಯಾನ್‌ಕೇಕನ್ನು ಇನ್ನೊಂದು ನಿಮಿಷ ಅಗಿಯುತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನು ನುಂಗಿಬಿಟ್ಟ. ಬಾಯಿ ಖಾಲಿಯಾಯಿತು. ಖಾಲಿಯಾದ ಬಾಯಿಂದ ಒಂದು ಮಾತು ಜಾರಿ ಡೋರೀನಳ ಕೆಫೆಯ ನಡುವೆ ಬಿತ್ತು.

"ಈ ವರ್ಷ ನಾನು ಎಲ್ಕ್ ಬೇಟೆಗೆ ಹೋಗೋದೇ."

ಡೋರೀನಳ ಕಾಫಿ ಕೂಜ ಅರ್ಧ ದಾರಿಯಲ್ಲಿ ನಿಂತಿತು. ಮೂಲೆಯಲ್ಲಿ ಕೂತಿದ್ದ ಡ್ವೇನ್ ಕುಚಿನ್ಸ್ಕಿ ತನ್ನ ತಟ್ಟೆ, ಚಮಚ, ಟೋಪಿ ಎಲ್ಲವನ್ನೂ ಎತ್ತಿಕೊಂಡು ಹಾರ್ಲನ್‌ನ ಮೇಜಿಗೇ ಬಂದು ಕೂತ. ನಮ್ಮ ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ ಫೆಬ್ರುವರಿ ತಿಂಗಳೆಂದರೆ ಹಿಮ ಬೀಳುವುದು, ಬಿದ್ದ ಹಿಮವನ್ನು ತಳ್ಳುವುದು, ಮತ್ತೆ ಬೀಳುವುದನ್ನು ನೋಡುವುದು. ಅಂಥದ್ದರಲ್ಲಿ ಒಬ್ಬ ಮನುಷ್ಯ ಇಂಥ ಸುದ್ದಿ ಕೊಟ್ಟರೆ ಅದನ್ನು ಅವನೊಬ್ಬನಿಗೇ ಬಿಡುವಷ್ಟು ನಿರ್ದಯಿಗಳಲ್ಲ ನಮ್ಮ ಜನ.

ಹಾರ್ಲನ್ ಕೌಂಟಿಯ ಹಿಮ ತಳ್ಳುವ ಲಾರಿಯ ಡ್ರೈವರು. ಅರವತ್ತು ದಾಟಿದೆ. ಪ್ರತಿ ನವೆಂಬರಿನಲ್ಲಿ ಮನೆಯ ಹಿಂದಿನ ಕಾಡಿನಲ್ಲಿ ಒಂದು ಜಿಂಕೆ ಹೊಡೆಯುತ್ತಾನೆ, ಚಳಿಗಾಲವೆಲ್ಲ ತಿನ್ನುತ್ತಾನೆ. ಆದರೆ ಅವನ ಕನಸಿನಲ್ಲಿ ಬರುವುದು ಎಲ್ಕ್. ನಮ್ಮ ಜಿಂಕೆಯ ಪಕ್ಕದಲ್ಲಿ ನಿಲ್ಲಿಸಿದರೆ ಅದರ ಮುತ್ತಜ್ಜನ ಹಾಗೆ ಕಾಣುವ, ತಲೆಯ ಮೇಲೆ ಒಣಮರವನ್ನೇ ಹೊತ್ತು ತಿರುಗುವ ಪ್ರಾಣಿ. ಅದನ್ನು ಹುಡುಕಿ ಹೋಗಬೇಕಾದದ್ದು ಎರಡು ದಿನದ ದಾರಿಯಾಚೆ, ಬೆಟ್ಟಗಳ ಒಂದು ರಾಜ್ಯಕ್ಕೆ. ಆ ರಾಜ್ಯದ ಹೆಸರು ಬೇಡ. ಹೊರಗಿನವರು ಹೆಸರು ಹೇಳಿದರೂ ಶುಲ್ಕ ಕೇಳಿಯಾರು.

ಅಲ್ಲಿಯವರು ಬೇಟೆಯ ಪರವಾನಗಿಗೆ ಕೊಡುವ ಹಣದಲ್ಲಿ ಗಂಡ ಹೆಂಡತಿ ಹೋಟೆಲಿನಲ್ಲಿ ಒಂದು ಊಟ ಮಾಡಬಹುದು. ಹೊರಗಿನವರು ಕೊಡುವ ಹಣದಲ್ಲಿ ಊಟ ಮಾಡಿ, ಕೂತ ಮೇಜು ಕುರ್ಚಿಯನ್ನೂ ಮನೆಗೆ ಹೊತ್ತುಕೊಂಡು ಬರಬಹುದು. ಅದೂ ಕೇಳಿದವರಿಗೆಲ್ಲ ಸಿಗುವುದಿಲ್ಲ, ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಹೆಸರು ಬರಬೇಕಾದರೆ ಪಾಯಿಂಟು ಬೇಕು. ಪಾಯಿಂಟು ಬೇಕಾದರೆ ಪ್ರತಿ ವರ್ಷ ಹಣ ಕಟ್ಟಬೇಕು. ಅಂದರೆ ಸಾಲಿನಲ್ಲಿ ನಿಂತದ್ದಕ್ಕೆ ಬಾಡಿಗೆ. ಈ ಬಾಡಿಗೆಯನ್ನು ಹಾರ್ಲನ್ ಹದಿನೇಳು ಸಲ ಕಟ್ಟಿದ್ದ. ಒಟ್ಟು ಎಷ್ಟಾಯಿತೆಂದು ಕೂಡಿ ನೋಡಿರಲಿಲ್ಲ. ಕೂಡಿದರೆ ಆ ರಾಜ್ಯದವರಿಗೆ ಅವಮಾನವಾದೀತೆಂಬ ಸಂಕೋಚ.

ಹೋದ ವರ್ಷ ಮಾತ್ರ ಕಟ್ಟಲಾಗಲಿಲ್ಲ. ಮನೆ ಬೆಚ್ಚಗಿಡುವ ಒಲೆ ಕೆಟ್ಟು, ಆ ಹಣವೆಲ್ಲ ಅದರ ಹೊಟ್ಟೆಗೆ ಹೋಯಿತು. ಎರಡು ವರ್ಷ ಒಂದರ ಮೇಲೊಂದು ಅರ್ಜಿ ಹಾಕದಿದ್ದರೆ ಕೂಡಿಟ್ಟ ಪಾಯಿಂಟೆಲ್ಲ ಸೊನ್ನೆ, ಇದು ಅಲ್ಲಿಯ ನಿಯಮ. ಸಾಲದ್ದಕ್ಕೆ ಡಾಕ್ಟರು ಅವನ ಬಲ ಮಂಡಿಯನ್ನು ಒತ್ತಿ ನೋಡಿ, "ಬೆಟ್ಟ ಹತ್ತೋ ಆಸೆ ಇದ್ರೆ ಬರೋ ಶರತ್ಕಾಲದಲ್ಲಿ ಹತ್ತಿ ಮುಗಿಸು. ಆಮೇಲೆ ಮಂಡಿ ಬದಲಾಯಿಸ್ತೀನಿ. ಅಲ್ಲಿಂದಾಚೆ ನೀನು ಹತ್ತೋದು ಬಸ್ಸು ಮಾತ್ರ" ಎಂದಿದ್ದರು. ಈ ಸಲ ಹೆಸರು ಬರುವಷ್ಟು ಪಾಯಿಂಟು ಕೂಡಿತ್ತು, ಆದರೆ ಪರವಾನಗಿಯ ಪೂರ್ತಿ ಹಣ ಅರ್ಜಿಯ ಜೊತೆಗೇ ಕಟ್ಟಬೇಕು. ಆ ಮಂಗಳವಾರವೇ ಸಂಜೆ ಐದಕ್ಕೆ ಅರ್ಜಿಯ ಗಡುವು. ಈ ಸಲ ತಪ್ಪಿದರೆ ಪಾಯಿಂಟೂ ಹೋಯಿತು, ಮಂಡಿಯೂ ಹೋಯಿತು, ಎಲ್ಕೂ ಹೋಯಿತು.

"ಹಣ?" ಎಂದ ಡ್ವೇನ್. ಬೇರೆಯವರ ಹಣದ ವಿಷಯದಲ್ಲಿ ಅವನಿಗೆ ತುಂಬ ಕಾಳಜಿ.

"ಇದೆ. ಸೌದೆ ಮಾರಿದ್ದು, ರಜಾ ದಿನ ಕೆಲಸ ಮಾಡಿದ್ದು, ಲಕೋಟೆಯಲ್ಲಿಟ್ಟಿದೀನಿ. ಲವೋನ್‌ಗೆ ಗೊತ್ತಿಲ್ಲ. ಆದ್ರೆ ಈ ವರ್ಷ ಅವ್ರು ದರ ಏರಿಸಿಬಿಟ್ಟವ್ರೆ. ಇನ್ನೂರು ಡಾಲರ್ ಕಮ್ಮಿ ಬಿದ್ದಿದೆ."

ಲವೋನ್ ಅವನ ಹೆಂಡತಿ. ಅವಳಿಗೂ ಒಂದು ಕನಸಿತ್ತು. ಬಚ್ಚಲುಮನೆಯ ಕೊಳೆತ ನೆಲ ತೆಗೆಸಿ ಹೊಸ ನೆಲ ಹಾಕಿಸುವುದು. ಆ ಕನಸಿಗೂ ಸುಮಾರು ಅಷ್ಟೇ ವಯಸ್ಸು, ಸುಮಾರು ಅಷ್ಟೇ ಬೆಲೆ.

"ಇನ್ನೂರಕ್ಕೆಲ್ಲ ತಲೆ ಕೆಡಿಸ್ಕೋತಾರೇನೋ ಮಾರಾಯ!" ಡ್ವೇನ್ ಬೆರಳು ಮಡಚತೊಡಗಿದ. "ಹೊರರಾಜ್ಯದ ಬೇಟೆ ಶ್ರೀಮಂತರಿಗೆ ಅನ್ನೋದೆಲ್ಲ ಬರೀ ಸುಳ್ಳು. ನಮ್ಮಂಥೋರು ಆರಾಮಾಗಿ ಹೋಗಬೌದು. ಮಲಗೋದು ನಿನ್ನ ಗಾಡಿಲೇ, ಖರ್ಚಿಲ್ಲ. ತಿನ್ನೋದು ಮನೆಯಿಂದ ಒಯ್ದ ಬ್ರೆಡ್ಡು, ಖರ್ಚಿಲ್ಲ. ದಾರಿ ತೋರಿಸೋನು ಬೇಡ, ಎಲ್ಕೇ ತೋರಿಸ್ತದೆ. ಸ್ನಾನ ಬಿಟ್ಟುಬಿಡು. ಬಾಕಿ ಏನಿದೆ? ಪೆಟ್ರೋಲು. ಅದೂ ಹೋಗೋವಾಗ ಮಾತ್ರ."

"ಬರೋವಾಗ?"

"ಮೊದಲು ಹೋಗೋದು ನೋಡಯ್ಯಾ. ಬರೋದು ಆಮೇಲಿನ ಮಾತು."

ಇಷ್ಟು ಖಚಿತವಾಗಿ ಮಾತಾಡುವ ಡ್ವೇನ್ ತನ್ನ ಜೀವಮಾನದಲ್ಲಿ ಪಶ್ಚಿಮಕ್ಕೆ ಹೋದದ್ದು ಒಂದೇ ಸಲ. ನಮ್ಮ ರಾಜ್ಯದ ಗಡಿಯಲ್ಲೇ ಹರಿಯುವ ಮಿಸಿಸಿಪ್ಪಿ ನದಿಯಾಚೆಯ ಊರಿನಲ್ಲಿ ಹಲ್ಲು ಕೀಳಿಸಲು.

ಡೋರೀನ್ ಕೂಜ ಕೆಳಗಿಟ್ಟು ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. "ತಗೋ ಹಾರ್ಲನ್, ಐವತ್ತಿದೆ."

"ಅಯ್ಯೋ ಬೇಡ ಬಿಡು ಡೋರೀನ್."

"ತಗೋ ಅಂದ್ರೆ."

"ಛೆ, ಛೆ. ನಿಂಗ್ಯಾಕೆ ತೊಂದ್ರೆ."

"ಸುಮ್ನೆ ತಗೊಳ್ಳಯ್ಯಾ."

"ಸರಿ, ನೀನು ಅಷ್ಟು ಹೇಳ್ತೀಯಾ ಅಂತ."

ನಮ್ಮ ಕಡೆಯ ಕ್ರಮವೇ ಹೀಗೆ. ನಾರ್ವೆಯಿಂದ ಬಂದ ಅಜ್ಜ ಅಜ್ಜಿಯರು ತಂದ ಆಸ್ತಿಯಲ್ಲಿ ಇದೊಂದು ಮಾತ್ರ ಇನ್ನೂ ಕರಗಿಲ್ಲ. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲನೆಯ 'ಬೇಡ' ಉಸಿರಿದ್ದ ಹಾಗೆ, ತಾನೇ ಬರುತ್ತದೆ. ಎರಡನೆಯ 'ಬೇಡ' ಮರ್ಯಾದೆ. ಕೊಡುವ ಮಾತು ನಿಜವಾಗಿ ಶುರುವಾಗುವುದು ಮೂರನೆಯ ಸಲ ಕೇಳಿದ ಮೇಲೆ. ಒಂದೇ ಸಲಕ್ಕೆ 'ಹೂಂ' ಅಂದವನನ್ನು ಊರಿನವರು ಹಸಿದ ತೋಳವನ್ನು ನೋಡಿದ ಹಾಗೆ ನೋಡುತ್ತಾರೆ. ಇನ್ನು ತಾನಾಗಿಯೇ ಬಾಯಿಬಿಟ್ಟು 'ಕೊಡು' ಎಂದು ಕೇಳಿದವನು ನಮ್ಮ ಚರ್ಚಿನ ನೂರು ವರ್ಷದ ಚರಿತ್ರೆಯಲ್ಲಿ ಒಬ್ಬನೂ ಇಲ್ಲ.

ತೆಗೆದುಕೊಂಡ ಮೇಲೆ ಬರಿಗೈಲಿ ಎದ್ದುಹೋಗುವುದೂ ಕ್ರಮವಲ್ಲ. ಬೇರೆಯವರ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುತ್ತಾರೆಯೇ? "ಬೆನ್ನ ಮಾಂಸ ನಿಂಗೆ, ಡೋರೀನ್" ಎಂದ ಹಾರ್ಲನ್.

"ಬೆನ್ನ ಮಾಂಸ ಅವಳಿಗಾದ್ರೆ ನಂಗೇನು?" ಡ್ವೇನ್ ಮೂವತ್ತು ಡಾಲರ್ ಮೇಜಿನ ಮೇಲೆ ಕುಕ್ಕಿದ. ಮೂರು ಸುತ್ತು ಬೇಡ-ತಗೋ ಮುಗಿದು, ಹಿಂದಿನ ಎರಡು ತೊಡೆಗಳು ಅವನ ಪಾಲಾದವು. ಕಾಡುಪ್ರಾಣಿಯ ಮಾಂಸ ಮಾರುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಯಾರೂ ಕೊಳ್ಳಲಿಲ್ಲ, ಹಾರ್ಲನ್ ಮಾರಲಿಲ್ಲ. ಅವರು ಪ್ರೀತಿಯಿಂದ ಹಣ ಕೊಟ್ಟರು, ಅವನು ಪ್ರೀತಿಯಿಂದ ಮಾತು ಕೊಟ್ಟ, ಅಷ್ಟೇ.

ಹಾರ್ಲನ್ ಕೌಂಟಿಯ ಶೆಡ್ಡು ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿತ್ತು. ಮೇಲ್ವಿಚಾರಕ ಆರ್ವಿಲ್ ಬಾಗಿಲಲ್ಲೇ ತಡೆದ. ಆರ್ವಿಲ್ ಮನೆಯಲ್ಲಿ ಮಾತಾಡುವುದಿಲ್ಲ, ಎಲ್ಲವನ್ನೂ ಶೆಡ್ಡಿಗೆ ಉಳಿಸಿಕೊಂಡು ಬರುತ್ತಾನೆ.

"ಏನಯ್ಯಾ, ತೊಡೆ ಎಲ್ಲ ಡ್ವೇನ್‌ಗೆ ಬರೆದುಕೊಟ್ಯಂತೆ? ಮೇಲಧಿಕಾರಿ ಅಂತ ಒಬ್ಬ ಇದಾನೆ ಅನ್ನೋದು ನೆನಪಿಗೆ ಬರಲಿಲ್ವಾ?"

"ಅಲ್ಲ ಆರ್ವಿಲ್, ಅದು..."

"ನಂಗೆ ಮಾಂಸ ಬೇಡಪ್ಪ. ಕೊಲೆಸ್ಟರಾಲು. ತಲೆ ಕೊಡು ಸಾಕು. ಕೊಂಬು ಸಮೇತ. ಈ ಗೋಡೆಗೆ ಹಾಕಿದ್ರೆ ಶೆಡ್ಡಿಗೊಂದು ಕಳೆ ಬರ್ತದೆ. ನೂರು ಡಾಲರ್, ತಗೋ."

ಬೇಡ, ತಗೋ, ಬೇಡ, ತಗೋ, ತಗೊಳ್ಳಯ್ಯಾ ಎಲ್ಲ ಆಯಿತು. ಹದಿನೇಳು ವರ್ಷದಿಂದ ಹಾರ್ಲನ್ ತನ್ನ ಬೈಠಕ್‌ಕೋಣೆಯ ಕಿಟಕಿ ಪಕ್ಕದ ಗೋಡೆಯನ್ನು ಖಾಲಿ ಬಿಟ್ಟಿದ್ದ. ಲವೋನ್ ಅಲ್ಲಿ ಗಡಿಯಾರ ತೂಗುಹಾಕಲು ಹೋದಾಗಲೆಲ್ಲ ಏನೋ ನೆಪ ಹೇಳಿ ತಪ್ಪಿಸಿದ್ದ. ಆ ಗೋಡೆಗೆ ಇನ್ನು ಗಡಿಯಾರವೇ ಗತಿ.

"ಇನ್ನೊಂದು," ಎಂದ ಆರ್ವಿಲ್. "ಮಧ್ಯಾಹ್ನ ಹಿಮ ಬರ್ತದಂತೆ. ಮೂರು ಗಂಟೆಗೆ ಕೆಲಸ ಬಿಡೋ ಹಾಗಿಲ್ಲ, ಆರರವರೆಗೂ ಇರ್ಬೇಕು. ನಿಂಗೆ ನಾನು ಇಷ್ಟು ಮಾಡಿದ ಮೇಲೆ ನಂಗೆ ನೀನು ಅಷ್ಟು ಮಾಡ್ಬೇಕಲ್ವಾ?"

ಐದಕ್ಕೆ ಗಡುವು, ಆರಕ್ಕೆ ಕೆಲಸ ಬಿಡುವುದು. ಹಾರ್ಲನ್ ಬೆರಳು ಮಡಚಿ ಎರಡೆರಡು ಸಲ ಲೆಕ್ಕ ಹಾಕಿದ. ಆದರೂ ಲೈಬ್ರರಿ ಅವನ ದಾರಿಯಲ್ಲೇ ಇತ್ತಲ್ಲ, ಒಂದು ಹತ್ತು ನಿಮಿಷ ಲಾರಿ ನಿಲ್ಲಿಸಿದರೆ ಆಯಿತು ಎಂದು ಸಮಾಧಾನ ಮಾಡಿಕೊಂಡ. ಅವನ ಮನೆಯಲ್ಲಿ ಕಂಪ್ಯೂಟರು ಇಲ್ಲ, ಕ್ರೆಡಿಟ್ ಕಾರ್ಡಿನ ಮೇಲೆ ಲವೋನ್‌ಗೆ ನಂಬಿಕೆ ಇಲ್ಲ. ಹದಿನೇಳು ವರ್ಷವೂ ಅವನ ಅರ್ಜಿ ತುಂಬಿ, ತನ್ನ ಕಾರ್ಡಿನಿಂದ ಹಣ ಕಟ್ಟಿ, ಅವನಿಂದ ನಗದು ತೆಗೆದುಕೊಳ್ಳುತ್ತಿದ್ದವಳು ಲೈಬ್ರರಿಯ ಇಂಗ್ರಿಡ್. ಮೂರು ಸಲ ಕೇಳಿ, ಮೂರನೆಯ ಸಲಕ್ಕೆ ಅವನ ಕೈಯಿಂದ ಲಕೋಟೆ ಕಿತ್ತುಕೊಂಡು ಮಾಡಿಕೊಡುತ್ತಿದ್ದಳು. ಬಂಗಾರದಂಥ ಹೆಂಗಸು. ಹೋದ ಅಕ್ಟೋಬರಿನಲ್ಲಿ ನಿವೃತ್ತಿಯಾಗಿ ಬಿಸಿಲಿರುವ ಕಡೆ ಹೋಗಿಬಿಟ್ಟಳು.

ಅವಳ ಜಾಗಕ್ಕೆ ಬಂದವಳು ಪರ್ಲ್ ಡೆಲಾನಿ. ನ್ಯೂಜೆರ್ಸಿ ಕಡೆಯವಳು. ಅಲ್ಲಿಯ ಜನ ಬೇಕಾದರೆ ಬೇಕು ಅನ್ನುತ್ತಾರಂತೆ, ಬೇಡವಾದರೆ ಬೇಡ ಅನ್ನುತ್ತಾರಂತೆ. ಅಷ್ಟು ಒರಟು ಜನ. ಬಂದ ಹೊಸದರಲ್ಲಿ ಪಾದ್ರಿಗಳಿಗೆ ಕೇಕು ಕೊಡಲು ಹೋಗಿ, ಅವರು ಒಂದು ಸಲ ಬೇಡ ಅಂದದ್ದಕ್ಕೆ ಡಬ್ಬಿಯ ಮುಚ್ಚಳ ಹಾಕಿ ವಾಪಸು ಒಯ್ದಿದ್ದಳು. ಪಾದ್ರಿಗಳು ಮುಂದಿನ ಭಾನುವಾರ ಕ್ಷಮೆಯ ಬಗ್ಗೆ ದೀರ್ಘವಾಗಿ ಬೋಧನೆ ಮಾಡಿದರು.

ಬೆಳಗಿನ ಸುತ್ತಿನಲ್ಲಿ ಹಾರ್ಲನ್‌ಗೆ ಇನ್ನೂ ಇಪ್ಪತ್ತು ಡಾಲರ್ ಕಮ್ಮಿ ಇತ್ತು. ಅದು ಹಿಲ್ಡಾ ಅಜ್ಜಿಯ ಮನೆಯ ಮುಂದೆ ಸಿಕ್ಕಿತು. ಹಿಮದ ಲಾರಿಗಳು ದಾರಿ ಮಾಡುವಾಗ ಮನೆಗಳ ಗೇಟಿನ ಮುಂದೆ ಹಿಮದ ದಿಬ್ಬ ಬಿಟ್ಟುಹೋಗುತ್ತವೆ. ಹಿಲ್ಡಾಳ ಗೇಟಿನ ಮುಂದೆ ಮಾತ್ರ ಹಾರ್ಲನ್ ಯಾವಾಗಲೂ ಲಾರಿಯ ಮುಂದಿನ ಹಿಮ ತಳ್ಳುವ ಅಲಗನ್ನು ಓರೆ ಮಾಡಿ, ದಿಬ್ಬವಿಲ್ಲದಂತೆ ಬಳಿದು ಹೋಗುತ್ತಿದ್ದ. ಈ ವಿಷಯವನ್ನು ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಆ ದಿನ ಅವಳು ಶಾಲು ಹೊದ್ದು ಗೇಟಿಗೇ ಬಂದು ನಿಂತಿದ್ದಳು. ಒಂದು ಕೈಯಲ್ಲಿ ಉಣ್ಣೆಯ ದಪ್ಪ ಕಾಲುಚೀಲ, ಇನ್ನೊಂದರಲ್ಲಿ ಇಪ್ಪತ್ತರ ನೋಟು.

"ಬೆಟ್ಟದಲ್ಲಿ ಕಾಲು ತಣ್ಣಗಾದ್ರೆ ಮೂಗು ಸೋರ್ತದೆ ಮಗಾ. ಹಾಕ್ಕೋ."

"ಬೇಡ ಅಜ್ಜಿ, ನಿಮಗ್ಯಾಕೆ..."

"ಬೇಗ ಬೇಗ ಎರಡು ಸಲ ಬೇಡ ಅಂದ್ಬಿಡು. ಚಳಿ ಆಗ್ತಿದೆ ನಂಗೆ."

ಅವನು ಅಂದ. ಅವಳು ಕೊಟ್ಟಳು. ಬದಲಿಗೆ ಕೇಳಿದ್ದು ಎಲ್ಕಿನ ಬಾಯಲ್ಲಿ ಆನೆದಂತದ ಹಾಗೆ ಹೊಳೆಯುವ ಎರಡು ಹಲ್ಲು ಮಾತ್ರ, ಓಲೆ ಮಾಡಿಸಿಕೊಳ್ಳಲು. ಎಂಬತ್ತೆಂಟರಲ್ಲಿ ಓಲೆಯ ಆಸೆ ಇಟ್ಟುಕೊಂಡ ಹೆಂಗಸಿಗೆ ಯಾರು ತಾನೇ ಇಲ್ಲ ಅನ್ನುತ್ತಾರೆ?

ಇನ್ನೂರು ಭರ್ತಿಯಾಯಿತು. ಆದರೆ ಊರು ನಿಲ್ಲಲಿಲ್ಲ. ಅಂಚೆಯವನು ಲಾರಿಗೆ ಕೈ ಅಡ್ಡ ಹಿಡಿದು ಒಂದು ಹಳೆಯ ಡೇರೆ ಕೊಟ್ಟು ಮುಂಗಾಲು ಬರೆಸಿಕೊಂಡ. ಡೇರೆಯಲ್ಲಿ ಒಂದು ಇಲಿ ಸಂಸಾರ ಹೂಡಿತ್ತು, ಅದೂ ಜೊತೆಗೆ ಬಂತು. ಗ್ಯಾರೇಜಿನವನು ಅರ್ಧ ಸವೆದ ಟೈರು ಕೊಟ್ಟು ಯಕೃತ್ತು ಕಾದಿರಿಸಿದ. ಚರ್ಮ ಯಾರ ಪಾಲಿಗೆ ಹೋಯಿತೆಂದು ಹಾರ್ಲನ್‌ಗೇ ನೆನಪಿಲ್ಲ. ಅಪ್ಪ ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗಲೇ ಮಕ್ಕಳು ಆಸ್ತಿ ಭಾಗ ಮಾಡಿಕೊಂಡ ಹಾಗೆ, ಅಷ್ಟು ದೂರದ ಬೆಟ್ಟದಲ್ಲಿ ನೆಮ್ಮದಿಯಾಗಿ ಹುಲ್ಲು ಮೇಯುತ್ತಿದ್ದ ಒಂದು ಎಲ್ಕು ಮಧ್ಯಾಹ್ನದ ಊಟದ ಹೊತ್ತಿಗೆ ವಿಸ್ಕಾನ್ಸಿನ್ನಿನಲ್ಲಿ ಪೂರ್ತಿ ಹಂಚಿಹೋಗಿತ್ತು. ಬೇಟೆಗಾರನ ಪಾಲಿಗೆ ಉಳಿದದ್ದು ಬಾಲ. ಎಲ್ಕಿನ ಬಾಲ ಬೆರಳುದ್ದವೂ ಇರುವುದಿಲ್ಲ.

ಆದರೂ ಹಾರ್ಲನ್‌ಗೆ ಬೇಸರವಾಗಲಿಲ್ಲ. ಬೆಳಗಿನ ಜಾವ ಬೆಟ್ಟದ ಮೇಲೆ ನಿಂತು ಅದು ಕೂಗುವುದನ್ನು ಒಂದು ಸಲ ಕೇಳಬೇಕು, ಅಷ್ಟೇ ಅವನ ಆಸೆ. ಕೂಗನ್ನು ಯಾರೂ ಕಾದಿರಿಸಿರಲಿಲ್ಲ.

ಮೂರಕ್ಕೆ ಹಿಮ ಶುರುವಾಯಿತು. ಆಕಾಶದಲ್ಲಿ ಯಾರೋ ಹಿಟ್ಟಿನ ಮೂಟೆ ಹರಿದ ಹಾಗೆ. ಹಾರ್ಲನ್ ತನ್ನ ದಾರಿಗಳನ್ನು ಬಳಿದ. ಲೈಬ್ರರಿ ಬೀದಿಯನ್ನು ಮಾತ್ರ ಅದೆಷ್ಟು ಸಲ ಬಳಿದನೋ. ಊರಿನ ಬೇರೆ ಬೀದಿಗಳಲ್ಲಿ ಮೊಣಕಾಲುದ್ದ ಹಿಮ ಬಿದ್ದಿರುವಾಗ ಅದೊಂದು ಬೀದಿ ಮದುವೆಗೆ ತೊಳೆದಿಟ್ಟ ಅಂಗಳದ ಹಾಗೆ ಥಳಥಳಿಸುತ್ತಿತ್ತು. ಪ್ರತಿ ಸಲ ಲೈಬ್ರರಿ ಮುಂದೆ ಬಂದಾಗಲೂ ರೇಡಿಯೋದಲ್ಲಿ ಆರ್ವಿಲ್.

"ಹಾರ್ಲನ್, ಶಾಲೆ ಹತ್ರ ಹೋಗು."

"ಹಾರ್ಲನ್, ಚರ್ಚಿನ ಏರು ಜಾರ್ತಾ ಇದೆಯಂತೆ."

"ಹಾರ್ಲನ್, ನಮ್ಮನೆ ಮುಂದೆ ಒಂದು ಸುತ್ತು ಹಾಕ್ಬಿಡು. ಅಧಿಕೃತ ಏನಲ್ಲ."

ಅಂತೂ ಐದಕ್ಕೆ ಕಾಲು ಗಂಟೆ ಇರುವಾಗ ಆ ದೊಡ್ಡ ಕಿತ್ತಳೆ ಲಾರಿಯನ್ನು ಲೈಬ್ರರಿಯ ಮುಂದೆ ನಿಲ್ಲಿಸಿ, ಸೀಟಿನಡಿಯ ಲಕೋಟೆ ತೆಗೆದುಕೊಂಡು ಇಳಿದ. ರೇಡಿಯೋವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಮೈಮೇಲೆ ಹಿಮ, ಮೀಸೆಯಲ್ಲಿ ಹಿಮ. ಒಳಗೆ ಒಂದು ಕಡೆ ಚರ್ಚಿನ ಹೆಂಗಸರು ಗುಂಪಾಗಿ ಕೂತು ಹೆಣೆಯುತ್ತಿದ್ದರು. ಮಂಗಳವಾರದ ಹೆಣಿಗೆ ಕೂಟ. ಲವೋನ್ ಬೆನ್ನು ತಿರುಗಿಸಿ ಕೂತದ್ದು ಪುಣ್ಯ. ಹಾರ್ಲನ್ ಕಳ್ಳಹೆಜ್ಜೆ ಹಾಕಿ ಪರ್ಲ್‌ಳ ಮೇಜಿಗೆ ಬಂದ.

ಪರ್ಲ್ ಮೊದಲು ಒಂದು ಟವಲು ಕೊಟ್ಟಳು, ಮೀಸೆ ಒರೆಸಿಕೊಳ್ಳಲು. ಕೊಡಲೇ ಎಂದು ಕೇಳಲೇ ಇಲ್ಲ, ಕೈಗೇ ತುರುಕಿದಳು. ಒಳ್ಳೆಯ ಹುಡುಗಿ. ಅವನು ಪಿಸುಮಾತಿನಲ್ಲಿ ವಿಷಯ ಹೇಳಿದ. ಅವಳು ಕಂಪ್ಯೂಟರು ತೆರೆದಳು. ದೇಶದ ಎಲ್ಲ ಮೂಲೆಗಳ ಹಾರ್ಲನ್‌ಗಳೂ ಕೊನೆಯ ದಿನ ಕೊನೆಯ ಗಳಿಗೆಗೇ ಬಂದಿದ್ದರೋ ಏನೋ, ಪರದೆಯ ಮೇಲೆ ಒಂದು ಸಣ್ಣ ಚಕ್ರ ಸುತ್ತುತ್ತಾ ನಿಂತಿತು.

ಆಗ ಸೊಂಟದ ರೇಡಿಯೋ ಕೆರಳಿತು. "ಹಾರ್ಲನ್! ಎಲ್ಲಿದೀಯೋ? ಡೈರಿ ತಿರುವಿನಲ್ಲಿ ಯಾವನೋ ಕಾರನ್ನ ಹಳ್ಳಕ್ಕೆ ಇಳಿಸಿ, ಬಾಲ ದಾರಿಗೆ ಬಿಟ್ಟವ್ನೆ. ಹಾಲಿನ ಟ್ಯಾಂಕರು ನಿಂತುಬಿಟ್ಟಿದೆ!"

ಹೆಣಿಗೆಯ ಸೂಜಿಗಳೆಲ್ಲ ನಿಂತವು. ಹಾರ್ಲನ್ ಪುಸ್ತಕದ ಕಪಾಟಿನ ಹಿಂದಕ್ಕೆ ಸರಿದ.

"ನೀವು ಹೊರಡಿ ಮಿಸ್ಟರ್ ಬ್ರೆಕ್ಕೆ," ಎಂದಳು ಪರ್ಲ್ ಮೆತ್ತಗೆ. "ಹಣ ಬಿಟ್ಟುಹೋಗಿ. ನಾನು ಅರ್ಜಿ ತುಂಬಿ, ನನ್ನ ಕಾರ್ಡಿಂದ ಕಟ್ತೀನಿ."

ಹಾರ್ಲನ್‌ನ ಎದೆ ಹಗುರಾಯಿತು. ಬಾಯಿ ಮಾತ್ರ ತನ್ನ ಕೆಲಸ ಮಾಡಿತು. "ಅಯ್ಯೋ, ಬೇಡ ಬಿಡಿ."

"ನಿಜವಾಗ್ಲೂ? ನನಗೇನೂ ಕಷ್ಟ ಇಲ್ಲ."

"ಛೆ, ಛೆ. ನಿಮಗ್ಯಾಕಮ್ಮಾ ತೊಂದ್ರೆ."

ಹೇಳಿ, ಲಕೋಟೆಯನ್ನೂ ತನ್ನ ವಿವರವಿದ್ದ ಚೀಟಿಯನ್ನೂ ಅವಳ ಮೇಜಿನ ಮೇಲಿಟ್ಟು, ಮೂರನೆಯದಕ್ಕೆ ಕಾದು ನಿಂತ. ಪರ್ಲ್ ಬಾಯಿ ತೆರೆದಳು. ಅಷ್ಟರಲ್ಲಿ ರೇಡಿಯೋ ಮತ್ತೆ ಅರಚಿತು. "ಹಾರ್ಲನ್, ಹಾಲು ಮೊಸರಾಗೋದ್ರೊಳಗೆ ಬರ್ತೀಯೇನೋ?" ಮೂಲೆಯಲ್ಲಿ ಲವೋನ್‌ಳ ತಲೆ ಇತ್ತ ತಿರುಗುವಂತಿತ್ತು. ಪರ್ಲ್‌ಳ ಕಣ್ಣಿನಲ್ಲಿ ಮೂರನೆಯ ಪ್ರಶ್ನೆ ಸ್ಪಷ್ಟವಾಗಿ ಕಂಡಿತು ಎಂದುಕೊಂಡ ಹಾರ್ಲನ್ ಅದಕ್ಕೆ ಕಣ್ಣಿನಲ್ಲೇ 'ಸರಿ, ನೀವು ಅಷ್ಟು ಹೇಳ್ತೀರಾ ಅಂತ' ಎಂದು ಉತ್ತರಿಸಿ, ಟವಲಿನ ಸಮೇತ ಹೊರಗೋಡಿದ.

ಡೈರಿ ತಿರುವಿನ ಹಳ್ಳದಲ್ಲಿ ಮೂಗು ತೂರಿಸಿ ನಿಂತಿದ್ದ ಕಾರು ಡ್ವೇನ್‌ನದು. ಹಿಂದಿನ ಸೀಟಿನಲ್ಲಿ ಹೊಚ್ಚಹೊಸ ಮಾಂಸ ಕೊಚ್ಚುವ ಯಂತ್ರ. ತೊಡೆಗಳು ಬಂದಾಗ ಕೈಯಲ್ಲಿ ಏನೂ ಇಲ್ಲದೆ ಕೂರಬಾರದೆಂದು ಪಕ್ಕದೂರಿಗೆ ಹೋಗಿ ತಂದಿದ್ದ. ಹೊರರಾಜ್ಯದ ಬೇಟೆ ಎಷ್ಟು ಅಗ್ಗವೆಂದು ವಿವರಿಸಿದವನು, ಬೇಟೆಗೇ ಹೋಗದೆ ಇನ್ನೂರೈವತ್ತು ಖರ್ಚು ಮಾಡಿಕೊಂಡಿದ್ದ.

"ಸರಪಳಿ ಹಾಕಿ ಎಳೀಲೇನೋ?" ಕೂಗಿದ ಹಾರ್ಲನ್.

"ಏ, ಬೇಡ ಬಿಡೋ. ನಾನೇ ಅಗೆದು ತೆಗೀತೀನಿ."

"ಎಳೀತೀನಿ ಕಣೋ."

"ನಿಂಗ್ಯಾಕೆ ತೊಂದ್ರೆ, ನಿನ್ನ ಕೆಲಸ ನೋಡ್ಕೋ."

ಹಾಲಿನ ಟ್ಯಾಂಕರಿನವನು ಹಾರ್ನಿನ ಮೇಲೆ ಮೊಣಕೈ ಊರಿ ಮಲಗಿಬಿಟ್ಟ. ಅವನ ಹಿಂದೆ ಆರೇಳು ಕಾರುಗಳು ನಿಂತಿದ್ದವು. ಆದರೂ ಯಾರೊಬ್ಬರೂ ಇಳಿದು ಬಂದು ಬೈಯಲಿಲ್ಲ. ಅವರೆಲ್ಲ ನಮ್ಮ ಕಡೆಯವರೇ, ಮೂರನೆಯ ಸಲಕ್ಕೆ ಕಾಯುತ್ತಿದ್ದರು.

"ಡ್ವೇನ್, ಎಳೀತೀನಿ ಅಂದ್ನಲ್ಲೋ!"

"ಸರಿ, ನೀನು ಅಷ್ಟು ಹೇಳ್ತೀಯಾ ಅಂತ."

ಕಾರು ಮೇಲೆ ಬರುವ ಹೊತ್ತಿಗೆ ಗಂಟೆ ಐದು ದಾಟಿತ್ತು. ಹಾರ್ಲನ್ ಟವಲಿನಿಂದ ಕುತ್ತಿಗೆ ಒರೆಸಿಕೊಂಡು ನಕ್ಕ. "ಆಯ್ತು ಕಣೋ. ಅರ್ಜಿ ಹೋಯ್ತು. ಪರ್ಲ್ ಕಟ್ಟಿರ್ತಾಳೆ."

ಡ್ವೇನ್ ಅವನನ್ನು ತಬ್ಬಿಕೊಳ್ಳುವ ಹಾಗೆ ಎರಡು ಹೆಜ್ಜೆ ಬಂದು, ನಮ್ಮ ಕಡೆ ಹಾಗೆಲ್ಲ ಮಾಡುವುದಿಲ್ಲವೆಂದು ನೆನಪಾಗಿ ಟೈರಿಗೆ ಒಂದು ಒದ್ದು ಸಂತೋಷ ತೋರಿಸಿದ. ಆಮೇಲೆ ಊರಿಗೆಲ್ಲ ಸುದ್ದಿ ಮುಟ್ಟಿಸಲು ಫೋನು ತೆಗೆದ. ಹಿಮ ಆ ಹೊತ್ತಿಗೆ ನಿಂತಿತ್ತು. ದಿನವಿಡೀ ದುಡಿಸಿದ ಆರ್ವಿಲ್ ದೊಡ್ಡ ಮನಸ್ಸು ಮಾಡಿ ಅರ್ಧ ಗಂಟೆ ಮುಂಚೆಯೇ ಮನೆಗೆ ಕಳಿಸಿದ.

ಮನೆಯ ತುಂಬ ಹಾಟ್‌ಡಿಶ್ಶಿನ ವಾಸನೆ. ಕೊಚ್ಚಿದ ಮಾಂಸ, ಆಲೂಗಡ್ಡೆ, ಮೇಲೆ ಕೆಂಪಗಾದ ಚೀಸ್. ಹಾರ್ಲನ್ ಕೈ ತೊಳೆದು ಕೂತ. ತಟ್ಟೆ ಇತ್ತು, ಮುಳ್ಳುಚಮಚ ಇತ್ತು, ಎರಡರ ನಡುವೆ ಅವನ ಲಕೋಟೆ ಇತ್ತು.

"ಇದು..." ಎಂದ.

"ಪರ್ಲ್ ಕೊಟ್ಟಳು," ಎಂದಳು ಲವೋನ್, ಶಾಂತವಾಗಿ. "ನಿಮ್ಮ ಮನೆಯವರು ಮರೆತು ಹೋದ್ರು, ಜೋಪಾನವಾಗಿ ತಲುಪಿಸಿ ಅಂತ. ಪಾಪ, ಎರಡೆರಡು ಸಲ ಎಣಿಸಿ ಕೊಟ್ಟಳು."

"ಅರ್ಜಿ?"

"ಹಾಕಲಿಲ್ವಂತೆ. ಹಾಕ್ಕೊಡ್ತೀನಿ ಅಂತ ಕೇಳಿದಳಂತೆ, ನೀನು ಬೇಡ ಅಂದ್ಯಂತೆ. ಮತ್ತೆ ಕೇಳಿದಳಂತೆ, ಛೆ ಛೆ ಅಂದ್ಯಂತೆ. 'ಅಷ್ಟು ಖಂಡಿತವಾಗಿ ಬೇಡ ಅಂದೋರನ್ನ ಮೂರನೇ ಸಲ ಕೇಳಿ ಅವಮಾನ ಮಾಡೋಕೆ ಮನಸ್ಸು ಬರಲಿಲ್ಲ ಮಿಸೆಸ್ ಬ್ರೆಕ್ಕೆ' ಅಂದಳು. ಎಷ್ಟು ಸೂಕ್ಷ್ಮ ನೋಡು."

ಹಾರ್ಲನ್ ಲಕೋಟೆಯನ್ನು ತಿರುಗಿಸಿ ನೋಡಿದ. ಹದಿನೇಳು ಪಾ‌ಯಿಂಟುಗಳು ಸಾಲಾಗಿ ಬೆಟ್ಟ ಹತ್ತಿ ಆಚೆ ಇಳಿದು ಕಾಣದಾದವು. ಹೋಗುವಾಗ ಒಂದು ಸಲವೂ ಕೂಗಲಿಲ್ಲ.

ಲವೋನ್ ಎದುರು ಕುರ್ಚಿ ಎಳೆದು ಕೂತಳು. ಅಡುಗೆಮನೆಯ ಹಳೇ ಗಡಿಯಾರ ನೋಡಿದಳು. "ಇನ್ನೂ ಹೊತ್ತಿದೆ ಹಾರ್ಲನ್. ಬೆಟ್ಟದ ಕಡೆ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ಅವರ ಐದು ಅಂದ್ರೆ ನಮ್ಮ ಆರು. ಅದೂ ಪರ್ಲೇ ಹೇಳಿದ್ದು. ಆರರವರೆಗೂ ಬಾಗಿಲು ತೆರೆದಿಟ್ಟು ಕೂತಿರ್ತಾಳಂತೆ, ನಿನ್ನ ಮನಸ್ಸು ಬದಲಾದ್ರೆ ಒಂದು ಫೋನ್ ಮಾಡಿದ್ರೆ ಸಾಕಂತೆ."

ಗಡಿಯಾರದಲ್ಲಿ ಆರಕ್ಕೆ ಇಪ್ಪತ್ತು ನಿಮಿಷ. ಕಾಣದಾಗಿದ್ದ ಪಾಯಿಂಟುಗಳು ಬೆಟ್ಟದ ತುದಿಯಲ್ಲಿ ನಿಂತು ಹಿಂದಿರುಗಿ ನೋಡಿದವು.

ಲವೋನ್ ಲಕೋಟೆಯನ್ನು ಅವನ ಕಡೆಗೆ ಸರಿಸಿದಳು. ಅವಳ ದನಿ ಮೆತ್ತಗಾಗಿತ್ತು. "ತಗೋ. ಹೋಗಿ ಬಾ. ಹದಿನೇಳು ವರ್ಷ ಕಾದಿದೀಯ, ಊರಿಗೆಲ್ಲ ಗೊತ್ತಿರೋದು ನಂಗೆ ಗೊತ್ತಿರಲ್ವಾ. ಬಚ್ಚಲುಮನೆ ನೆಲ ಇನ್ನೊಂದು ವರ್ಷ ತಡೀತದೆ, ನಾನು ಸ್ವಲ್ಪ ಪಕ್ಕಕ್ಕೆ ನಿಂತು ಸ್ನಾನ ಮಾಡ್ತೀನಿ."

ಕೈ ಚಾಚಬೇಕಿತ್ತು. ಕೈ ಚಾಚಲು ಹೊರಟೂ ಇತ್ತು. ಆದರೆ ಕೈಗಿಂತ ನಾಲಿಗೆಗೆ ಅಭ್ಯಾಸ ಜಾಸ್ತಿ. ಅದರಲ್ಲೂ ಪಕ್ಕಕ್ಕೆ ನಿಂತು ಸ್ನಾನ ಮಾಡುತ್ತೇನೆ ಎಂದ ಹೆಂಡತಿಯ ಎದುರು!

"ಅಯ್ಯೋ, ಬೇಡ ಬಿಡು ಲವೋನ್."

"ತಗೋ ಅಂತೀನಿ."

"ಛೆ, ಛೆ. ನಿನ್ನ ನೆಲ ಮೊದಲು."

ಹೇಳಿ ಮುಗಿಸಿದ ಹಾರ್ಲನ್ ಮುಳ್ಳುಚಮಚ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಮೂರನೆಯದಕ್ಕೆ ಸಿದ್ಧನಾಗಿ ಕೂತ. ಮೂವತ್ತೆಂಟು ವರ್ಷ ಅವನ ಜೊತೆ ಸಂಸಾರ ಮಾಡಿದವಳು ಲವೋನ್. ಕಾಫಿ, ಕಂಬಳಿ, ಕಡುಬು, ಏನು ಕೊಡುವಾಗಲೂ ಒಂದೇ ಒಂದು ಸಲವೂ ಮೂರನೆಯ ಮಾತು ತಪ್ಪಿಸಿದವಳಲ್ಲ. ಗಡಿಯಾರ ಟಿಕ್ ಅಂದಿತು. ಲವೋನ್ ಅವನ ಮುಖವನ್ನು ನೋಡಿದಳು. ತುಂಬ ಹೊತ್ತು, ತುಂಬ ಪ್ರೀತಿಯಿಂದ ನೋಡಿದಳು.

ಆಮೇಲೆ ಲಕೋಟೆಯನ್ನು ಮಡಚಿ ತನ್ನ ಕೈಚೀಲದೊಳಗೆ ಇಟ್ಟು, ಜಿಪ್ ಎಳೆದಳು.

"ಪರ್ಲ್ ಹೇಳಿದ್ದು ಸರಿ," ಎಂದಳು, ಕಣ್ಣು ಒರೆಸಿಕೊಳ್ಳುತ್ತಾ. "ಮನುಷ್ಯ ಬೇಡ ಅಂದ್ರೆ ಬೇಡ ಅಂತ ನಂಬಬೇಕು. ನಾವು ಇಷ್ಟು ವರ್ಷ ಒಬ್ಬರನ್ನೊಬ್ಬರು ನಂಬಲೇ ಇಲ್ಲ ನೋಡು. ನನ್ನ ನೆಲಕ್ಕೋಸ್ಕರ ಎಲ್ಕನ್ನೇ ಬಿಟ್ಟುಕೊಟ್ಟೆಯಲ್ಲೋ."

"ಅಲ್ಲ ಲವೋನ್, ನಾನು..."

"ಹೇಳು."

ಹೇಳಬೇಕಾದದ್ದು ಒಂದೇ ಪದ, 'ಕೊಡು'. ಅದು ಗಂಟಲವರೆಗೆ ಬಂತು. ನೂರು ವರ್ಷದ ಅಜ್ಜ ಅಜ್ಜಿಯರೆಲ್ಲ ಸೇರಿ ಅದನ್ನು ಕಾಲು ಹಿಡಿದು ಒಳಕ್ಕೆಳೆದರು. "ಹಾಟ್‌ಡಿಶ್ಶು ಚೆನ್ನಾಗಿದೆ" ಎಂದ ಹಾರ್ಲನ್.

ಗಡಿಯಾರ ಆರು ಹೊಡೆಯುವ ಹೊತ್ತಿಗೇ ಫೋನು ರಿಂಗಣಿಸಿತು. ಡೋರೀನ್. ಬೆನ್ನ ಮಾಂಸವನ್ನು ತುಂಡು ಮಾಡಿ ಕೊಡುತ್ತಾನೋ, ಇಡಿಯಾಗಿ ಕೊಡುತ್ತಾನೋ ಎಂದು ಕೇಳಿದಳು. ಅವಳ ಐವತ್ತು, ಡ್ವೇನ್‌ನ ಮೂವತ್ತು, ಆರ್ವಿಲ್‌ನ ನೂರು, ಹಿಲ್ಡಾಳ ಇಪ್ಪತ್ತು ಎಲ್ಲ ಆಗಲೇ ಬಚ್ಚಲುಮನೆಯ ನೆಲವಾಗಿ ಹೋಗಿದ್ದವು. ಇನ್ನು ಊರಿನವರಿಗೆಲ್ಲ ಪಾಲು ಕೊಡಬೇಕಾದರೆ ಒಬ್ಬೊಬ್ಬರನ್ನೇ ಕರೆದು ಸ್ನಾನ ಮಾಡಿಸಿ ಕಳಿಸಬೇಕು.

ಹಾರ್ಲನ್ ಮರಳಿ ಬಂದು ಕೂತು ತಟ್ಟೆಯಲ್ಲಿದ್ದದ್ದನ್ನು ಖಾಲಿ ಮಾಡಿದ. ಬೆಳಗಿನ ಪ್ಯಾನ್‌ಕೇಕು ಬಿಟ್ಟರೆ ಅವನು ಸರಿಯಾಗಿ ತಿಂದಿರಲೇ ಇಲ್ಲ. ಲವೋನ್ ಬಿಸಿ ಪಾತ್ರೆಯನ್ನು ಎತ್ತಿ ಹಿಡಿದು, ಕೆಂಪಗೆ ಗರಿಗರಿಯಾದ ಅಂಚಿನ ಕಡೆ ಚಮಚ ಇಟ್ಟು ಕೇಳಿದಳು.

"ಇನ್ನೊಂದು ಸ್ವಲ್ಪ ಹಾಕ್ಲಾ?"

"ಬೇಡ ಬಿಡು," ಎಂದ ಹಾರ್ಲನ್.

"ಸರಿ," ಎಂದು ಲವೋನ್ ಪಾತ್ರೆಗೆ ಮುಚ್ಚಳ ಹಾಕಿ ಒಳಗೆ ಒಯ್ದಳು.